ಬಗ್ಗದ ಬೆನ್ನು, ಬೆಳೆಯುವ ಉಗುರು

ಮೊನ್ನೆ ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಬೂಟು ಕೊಳ್ಳಲು ಹೋಗಿದ್ದೆ. ಸೀರೆಯ ಕೆಳಗೆ ಬೂಟೇ ಎಂದು ನೀವು ನಗಬಹುದು. ನನಗೆ ಬೇಕಿದ್ದದ್ದು ಕಾಲ್ಬೆರಳು ಕಾಣದಂತೆ ಮುಚ್ಚುವಂಥದ್ದು, ಅಷ್ಟೆ. ಅಂಗಡಿಯ ಸಾಹೇಬರು ಸ್ಟೂಲಿನ ಮೇಲೆ ಕೂತು, ನನ್ನ ಪಾದ ಕೈಗೆತ್ತಿಕೊಂಡು ಒಂದೆರಡು ಜೊತೆ ಹಾಕಿ ನೋಡಿದರು. ಆಮೇಲೆ ಮೆಲ್ಲಗೆ, "ಅಕ್ಕಾ, ಉಗುರು ತೆಗೆದು ಬನ್ನಿ, ಸೈಜು ಸರಿಯಾಗಿ ಗೊತ್ತಾಗುತ್ತೆ" ಎಂದರು. ಬೂಟು ಬೇಕಾಗಿದ್ದದ್ದೇ ಆ ಉಗುರು ಮುಚ್ಚಿಡಲು ಎಂದು ಅವರಿಗೆ ಹೇಗೆ ಹೇಳಲಿ? ನಾಚಿಕೆಯಿಂದ ಹಿಡಿಯಷ್ಟಾದೆ.

ನನ್ನ ಬೆನ್ನಿನಲ್ಲಿ ಎರಡು ಲೋಹದ ಸರಳುಗಳಿವೆ. ಹುಡುಗಿಯಾಗಿದ್ದಾಗಲೇ ಸೊಟ್ಟಗಾಗಲು ಶುರುವಾದ ಬೆನ್ನು, ನಲವತ್ತು ದಾಟುವ ಹೊತ್ತಿಗೆ ನನ್ನನ್ನು ಪೂರ್ತಿ ಒಂದು ಪಕ್ಕಕ್ಕೆ ಎಳೆದುಬಿಟ್ಟಿತ್ತು. ಮಲ್ಲಂದೂರಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಅಲ್ಲಲ್ಲಿ ಕೂತು ಏಳಬೇಕಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ನೋವು ಹೋಗುತ್ತದೆ, ಬೆನ್ನು ಬಗ್ಗಿಸುವುದೂ ಹೋಗುತ್ತದೆ ಎಂದಿದ್ದರು. ನನಗೆ ಮೊದಲ ಮಾತು ಮಾತ್ರ ಕೇಳಿಸಿತ್ತು. ನೋವು ಹೋಯಿತು, ಸುಳ್ಳು ಹೇಳಬಾರದು. ಎತ್ತರವಾದೆ, ಹಳೇ ಲಂಗಗಳೆಲ್ಲ ಗಿಡ್ಡವಾದವು. ಹಿಂದಿನಿಂದ ಯಾರಾದರೂ ಕರೆದರೆ ಲಾರಿ ತಿರುಗಿಸಿದ ಹಾಗೆ ಇಡೀ ಆಳೇ ತಿರುಗಬೇಕು. ಮದುವೆಮನೆಯಲ್ಲಿ ಹಿರಿಯರ ಕಾಲಿಗೆ ಬೀಳದೆ ಬರೀ ಕೈಮುಗಿದರೆ, ಎಷ್ಟು ಜಂಭ ನೋಡಿ ಇವಳಿಗೆ ಎಂಬ ಪಿಸುಮಾತು. ಅದನ್ನೆಲ್ಲ ಹೇಗೋ ನುಂಗಿಕೊಂಡೆ.

ಉಗುರಿನದು ಮಾತ್ರ ನುಂಗಲಾಗಲಿಲ್ಲ. ಅದು ತನ್ನ ಪಾಡಿಗೆ ಬೆಳೆಯುತ್ತದೆ, ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ. ಒಂದು ದಿನ ಹೆಬ್ಬೆರಳಿನ ಉಗುರಿಗೆ ಸಿಕ್ಕಿ ಸೀರೆಯ ಅಂಚು ಹರಿದದ್ದನ್ನು ಅತ್ತೆ ಕಂಡರು. ಏನೂ ಕೇಳದೆ ಬ್ಲೇಡು ತಂದು, ಮಣೆ ಎಳೆದುಕೊಂಡು ಕೂತು, ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಎಳೆದುಕೊಳ್ಳಲು ನೋಡಿದೆ.

"ಸುಮ್ನೆ ಕೂತ್ಕೊ ಮಾರಾಯ್ತಿ, ಬೆರಳು ಕುಯ್ದೀತು" ಎಂದರು.

ಅವರ ಕಾಲಿಗೆ ಬೀಳಬೇಕಾದವಳು ನಾನು, ಅವರ ಮಡಿಲಲ್ಲಿ ನನ್ನ ಕಾಲು! ಎಷ್ಟು ಸಲ ಆದರೂ ಆ ನಾಚಿಕೆ ಸವೆಯಲಿಲ್ಲ. ನಾನಾಗಿ ಎಂದೂ ಕೇಳಲಿಲ್ಲ. ಅವರ ಕಣ್ಣಿಗೆ ಬಿದ್ದಾಗ, ನಮ್ಮವರು ತೋಟಕ್ಕೆ ಹೋದ ಮೇಲೆ, ಕದ್ದು ಮಾಡುವ ಕೆಲಸದಂತೆ ಅದು ನಡೆಯುತ್ತಿತ್ತು.

ಹೀಗಿರುವಾಗ ಕಳಸದ ಮೇಷ್ಟ್ರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಯದೂ ನನ್ನಂಥದ್ದೇ ಬೆನ್ನು. ಆಪರೇಷನ್ ಮಾಡಿಸುವುದೋ ಬೇಡವೋ ಎಂದು ನನ್ನನ್ನು ನೋಡಿ ತೀರ್ಮಾನಿಸಬೇಕಿತ್ತು. ಮೇಷ್ಟ್ರು ಕೇಳಿದರೆಂದು ಜಗಲಿಯಲ್ಲಿ ಉದ್ದಕ್ಕೂ ನಡೆದು ತೋರಿಸಿದೆ, ಕೊಳ್ಳುವವರ ಮುಂದೆ ಎತ್ತು ನಡೆದ ಹಾಗೆ. ಅವರಿಗೆ ಬಹಳ ಸಂತೋಷವಾಯಿತು. ಆಕೆ ಕೇಳಿದ್ದು ಒಂದೇ: "ಬಗ್ಗೋಕೆ ಆಗುತ್ತಾ ಅಕ್ಕ?"

ಸ್ವಲ್ಪ ಕಷ್ಟ ಎಂದು ನಾನು ರಾಗ ಎಳೆಯುತ್ತಿರುವಾಗಲೇ ಕಾಫಿ ತಂದ ಅತ್ತೆ, "ಎಲ್ಲಿ ಆಗುತ್ತೆ? ಕಾಲಿನ ಉಗುರು ನಾನೇ ತೆಗಿಯೋದು" ಎಂದುಬಿಟ್ಟರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ನನ್ನ ಕಡೆ ನೋಡಲಿಲ್ಲ. ಗಂಡನ ಕಡೆ ತಿರುಗಿ, "ನಂಗೆ ನೀವು ತೆಗೀತೀರಾ?" ಎಂದು ಕೇಳಿದರು. ಮೇಷ್ಟ್ರು ಕಾಫಿ ಲೋಟ ನೋಡುತ್ತ ಕೂತರು.

ಆಕೆ ಆಪರೇಷನ್ ಮಾಡಿಸಿಕೊಳ್ಳಲಿಲ್ಲವೆಂದು ಆಮೇಲೆ ತಿಳಿಯಿತು. ಆ ಮೇಷ್ಟ್ರನ್ನು ನಾನು ಮನಸ್ಸಿನಲ್ಲೇ ಚೆನ್ನಾಗಿ ಬೈದಿದ್ದೇನೆ. ಆದರೆ ಅದೇ ಪ್ರಶ್ನೆಯನ್ನು ನನ್ನ ಗಂಡನಿಗೆ ಕೇಳುವ ಧೈರ್ಯ ನನಗೆಲ್ಲಿತ್ತು? ಗಂಡನ ಕೈಯಲ್ಲಿ ಕಾಲು ಹಿಡಿಸುವುದೇ ಎಂಬ ಅಳುಕು ಒಂದು. ಇವರೂ ಲೋಟ ನೋಡುತ್ತ ಕೂತರೆ ಎಂಬ ಭಯ ಇನ್ನೊಂದು.

ಈಗ ಅತ್ತೆಯ ಕಣ್ಣು ಮಂಜಾಗಿದೆ. ನನ್ನ ಕಾಲು ಅವರಿಗೆ ಕಾಣುವುದಿಲ್ಲ, ನಾನು ಹೇಳುವುದಿಲ್ಲ. ಅದಕ್ಕೇ ಬೂಟಿನ ಹುಡುಕಾಟ.

ಬೂಟು ಕೊಳ್ಳದೆ ಮನೆಗೆ ಬಂದೆ. ನಮ್ಮವರು ಪೇಪರ್ ಓದುತ್ತಿದ್ದರು. ಎದುರಿಗೆ ಕುರ್ಚಿ ಹಾಕಿಕೊಂಡು, ಗೋಡೆ ನೋಡುತ್ತ ಆ ಪ್ರಶ್ನೆ ಕೇಳಿಯೇಬಿಟ್ಟೆ. ಅವರು ಪೇಪರ್ ಮಡಿಸಿಟ್ಟು ನನ್ನ ಪಾದಗಳನ್ನು ನೋಡಿದರು.

"ಅಮ್ಮ ತೆಗಿಯೋದು ನೋಡಿದ್ದೆ" ಎಂದರು. "ನಾನು ತೆಗೀಲಾ ಅಂತ ಕೇಳೋಕೆ ನಂಗೂ ನಾಚಿಕೆ."

ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ದಿರಾ ಎಂದು ಜಗಳಕ್ಕೆ ನಿಲ್ಲಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಬ್ಲೇಡು ತಂದು, ಕನ್ನಡಕ ಸರಿಮಾಡಿಕೊಂಡು ಕೆಳಗೆ ಕೂತಿದ್ದರು. ಅಭ್ಯಾಸವಿಲ್ಲದ ಕೈ, ಮೊದಲನೇ ಬೆರಳಿಗೇ ಚರ್ಮ ಕುಯ್ದರು. ನಾನು ಕಾಲು ಎಳೆದುಕೊಳ್ಳಲಿಲ್ಲ.