ರೇಡಿಯೋದಲ್ಲಿ ಶೇಷಣ್ಣನ ದನಿ

ನಿನ್ನೆ ಸಂಜೆ ನಮ್ಮ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದೆವು: ನಾನು, ನನ್ನ ಹೆಂಡತಿ, ಎದುರುಮನೆಯ ಪೋಸ್ಟ್ ಮಾಸ್ತರರು, ಅವರ ತಾಯಿ. ರೇಡಿಯೋದಲ್ಲಿ ನಾಟಕ ನಡೆದಿತ್ತು. ನಾಟಕದ ಸೊಸೆ ಏನೋ ಹೇಳಬೇಕು, ಅಷ್ಟರಲ್ಲಿ ದನಿ ನಿಂತಿತು. ಹೆಂಡತಿ ಗುಂಡಿ ತಿರುವಿದಳು. ಪೋಸ್ಟ್ ಮಾಸ್ತರರು ಪೆಟ್ಟಿಗೆಯ ನೆತ್ತಿಗೆ ಎರಡು ಏಟು ಹಾಕಿದರು. ಅವರ ತಾಯಿ "ಮಳಿ ಬರೋದದ ಏನೋ" ಎಂದರು. ನಾನು ನನ್ನ ಬಲಗೈಯ ಅಂಗೈ ನೋಡಿಕೊಳ್ಳುತ್ತ ಕೂತೆ.

"ಯಾಕ್ರಿ, ಏನರೆ ಚುಚ್ಚೇದೇನು?" ಎಂದು ಹೆಂಡತಿ ಕೇಳಿದಳು.

ಹೌದು ಎಂದೆ. ನಿಮ್ಮ ಮುಂದಾದರೆ ಹೇಳಲು ಅಡ್ಡಿಯಿಲ್ಲ. ಅವಳ ಮುಂದೆ ಹೇಳಿದರೆ ಊಟಕ್ಕೆ ಎಲೆ ಹಾಕುವವರೆಗೂ ಬೈಯುತ್ತಾಳೆ. ಬೈಯಬೇಕಾದದ್ದೇ.

ಯುದ್ಧದ ವರ್ಷಗಳು. ಧಾರವಾಡಕ್ಕೆ ಇನ್ನೂ ತನ್ನದೆಂಬ ರೇಡಿಯೋ ಇರಲಿಲ್ಲ. ಮುಂಬಯಿಯಿಂದ ಆಗೀಗ ಒಂದಿಷ್ಟು ಹೊತ್ತು ಕನ್ನಡ ಕೇಳಿಬರುತ್ತಿತ್ತು. ಮನೆಯಲ್ಲಿ ರೇಡಿಯೋ ಇದ್ದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಊರ ಸಾರ್ವಜನಿಕ ತೋಟಕ್ಕೆ ಹೋಗಿ, ಕಂಬಕ್ಕೆ ಕಟ್ಟಿದ ರೇಡಿಯೋ ಭೋಂಗಾದ ಕೆಳಗೆ ಕತ್ತೆತ್ತಿ ನಿಂತು ಕೇಳುತ್ತಿದ್ದರು. ನಮ್ಮದೊಂದು ಹವ್ಯಾಸಿ ನಾಟಕ ಮಂಡಳಿಯಿತ್ತು. ಹಗಲು ಕಚೇರಿ, ಸಾಲೆ, ಸಂಜೆ ನಾಟಕ. ನಾನು ಅದರ ಕಾರ್ಯದರ್ಶಿ. ಅಂದರೆ ಕುರ್ಚಿ ಎತ್ತಿಡುವವನು, ಚಹಾ ತರಿಸುವವನು, ಪರದೆಯ ಹಿಂದೆ ನಿಂತು ಮಾತು ಮರೆತವರಿಗೆ ಮಾತು ಕೊಡುವವನು.

ಮಂಡಳಿಯ ನಾಯಕಿ ಶೇಷಣ್ಣ. ಕಚೇರಿಯಲ್ಲಿ ಕಾರಕೂನ, ವಯಸ್ಸು ನಲವತ್ತು, ನನ್ನ ಸಾಲೆಯ ಗೆಳೆಯ. ಹದಿನೆಂಟು ವರ್ಷ ನಮ್ಮ ಎಲ್ಲ ನಾಟಕಗಳ ಹೆಂಡತಿ, ಸೊಸೆ, ವಿಧವೆ ಅವನೇ. ಸೀರೆಯುಟ್ಟು ಬಂದು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡನೆಂದರೆ ಗಂಡಸರು ಬಾಯಿಬಿಟ್ಟು ನೋಡುತ್ತಿದ್ದರು. ಹೆಂಗಸರು ಅವನ ನಿರಿಗೆ ನೋಡಿ ಮನೆಗೆ ಹೋಗಿ ತಮ್ಮದನ್ನು ಬಿಚ್ಚಿ ಮತ್ತೆ ಉಡುತ್ತಿದ್ದರು. ನೋಡದೆ ಉಳಿದವರು ಒಬ್ಬರೇ, ಅವನ ಹೆಂಡತಿ ಗೋದಕ್ಕ. "ನನ್ನ ಗಂಡ ಸೀರಿ ಉಟ್ಟಿದ್ದು ನಾ ನೋಡ್ಲಾ? ಒಲ್ಯಪಾ" ಎಂದು ಒಮ್ಮೆ ಹೇಳಿದವರು ಹದಿನೆಂಟು ವರ್ಷ ಆ ಮಾತು ಬಿಡಲಿಲ್ಲ. ಅವನು ಅದನ್ನು ನಗುತ್ತಲೇ ಹೇಳುತ್ತಿದ್ದ. ಆದರೆ ಪ್ರತಿ ನಾಟಕದ ದಿನವೂ ಪರದೆಯ ಸಂದಿಯಿಂದ ಹೆಂಗಸರ ಸಾಲನ್ನು ಒಮ್ಮೆ ನೋಡಿಯೇ ಬಣ್ಣ ಹಚ್ಚಿಕೊಳ್ಳಲು ಕೂರುತ್ತಿದ್ದ.

ಮುಂಬಯಿ ರೇಡಿಯೋದವರು ನಮ್ಮ ಸಾಮಾಜಿಕ ನಾಟಕವೊಂದಕ್ಕೆ ಕರೆ ಕಳಿಸಿದಾಗ ಶೇಷಣ್ಣ ಓಡಿಬಂದ.

"ಗೋದಿ ಕೇಳ್ಲಿಕ್ಕೆ ಹೋಗ್ತಾಳಂತೋ! ರೇಡಿಯೋದಾಗ ಸೀರಿ ಕಾಣಂಗಿಲ್ಲಲ್ಲಾ, ತೋಟಕ್ಕ ಹೋಗ್ತೀನಿ ಅಂದ್ಲು."

ನಾಟಕ ಕಲಿಸುವವರು ಬಿಂದು ಮಾಸ್ತರರು. ರೇಡಿಯೋಕ್ಕೆಂದು ಅವರು ಹೊಸದೊಂದು ಪರೀಕ್ಷೆ ಹುಡುಕಿದರು. ಸಾಲೆಯ ಕೋಣೆಗೆ ಅಡ್ಡ ಹಗ್ಗ ಕಟ್ಟಿ ಜಮಖಾನ ಹಾಕಿಸಿದರು. ಪಾತ್ರಧಾರಿ ಆಚೆ, ಮಾಸ್ತರರು, ನಾವೆಲ್ಲ ಈಚೆ. "ಕಣ್ಣ ಮುಚ್ಚಿ ಕೇಳ್ರಿ. ಮಾರಿ ನೋಡಿ ಮಾರ್ಕು ಕೊಡಬ್ಯಾಡ್ರಿ" ಎಂದರು. ಶೇಷಣ್ಣ ಜಮಖಾನದ ಆಚೆ ಹೋಗಿ, ಗಂಡ ಕರೆದು ಬರೆದ ಕಾಗದ ಓದಿ ನಾಟಕದ ನಾಯಕಿ ಗಿರಿಜೆ ಹೇಳುವ ಮಾತು ಶುರುಮಾಡಿದ.

ಏನು ಹೇಳಲಿ! ಹದಿನೆಂಟು ವರ್ಷ ನಾವು ಆ ದನಿ ಕೇಳಿರಲೇ ಇಲ್ಲ, ಬರೀ ನೋಡಿದ್ದೆವು. ಹಿಂದಿನ ಸಾಲಿಗೆ ಮುಟ್ಟಲೆಂದು ಎತ್ತರಿಸಿದ, ನಶ್ಯದಿಂದ ಒಡೆದ ಗಂಡುದನಿ, ಹೆಣ್ಣಾಗಲು ತಿಣುಕುತ್ತಿತ್ತು.

"ಯಾರಪಾ ಅದು, ಕರಾ ಕಳಕೊಂಡ ಎಮ್ಮಿ?" ಎಂದರು ಮಾಸ್ತರರು.

ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನು. ಜಮಖಾನದ ಆಚೆ ಮಾತು ನಿಂತಿತು.

ಗಿರಿಜೆಯ ಪಾತ್ರ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಕಮಲಾ ಅಕ್ಕಾವರಿಗೆ ಹೋಯಿತು. ರಂಗದ ಮೇಲೆ ನಿಲ್ಲಲು ಅವರ ಮನೆಯವರು ಎಂದೂ ಒಪ್ಪುತ್ತಿರಲಿಲ್ಲ. ಯಾರಿಗೂ ಕಾಣುವುದಿಲ್ಲ, ಹೆಸರನ್ನೂ ಹೇಳಿಸುವುದಿಲ್ಲ ಎಂದು ನಾವು ಮಾತು ಕೊಟ್ಟ ಮೇಲೆ, ಅಕ್ಕಾವರ ತಮ್ಮನನ್ನು ಜೊತೆಗೆ ಕೊಟ್ಟು ಕಳಿಸಿದರು. ಶೇಷಣ್ಣನಿಗೆ ಉಳಿದದ್ದು ಗಿರಿಜೆಯ ಬಳೆ ಸಪ್ಪಳ. ಮಾತು ಅಕ್ಕಾವರದು, ಬಳೆ ಅವನದು. ಕಾಗದ ಬಿಚ್ಚಿದಾಗ ಎಷ್ಟು, ಕಣ್ಣೊರೆಸಿಕೊಂಡಾಗ ಎಷ್ಟು, ಎಲ್ಲ ಅವನಿಗೆ ಗೊತ್ತಿತ್ತು.

ಹೊರಡುವ ದಿನ ಸ್ಟೇಶನ್ನಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದ.

"ಮಾಸ್ತರಗ ಹೇಳಿ ಒಂದ ಮಾತು ಕೊಡಸೋ. ಮನಿ ಆಳಿಂದಾದ್ರೂ ನಡೀತದ. ಪಾತ್ರ ಹೋದದ್ದು ನಾ ಗೋದಿಗೆ ಹೇಳಿಲ್ಲ."

"ನೋಡೋಣಂತ ನಡಿ" ಎಂದೆ. ಪುಣೆಯಲ್ಲಿ ಗಾಡಿ ಬದಲಿಸುವಾಗ ಮಾಸ್ತರರು ನನ್ನ ಪಕ್ಕದಲ್ಲೇ ಇದ್ದರು. ನಾನು ಟ್ರಂಕುಗಳನ್ನು ಎಣಿಸುವುದರಲ್ಲಿ ಮುಳುಗಿದ್ದೆ. ಕಾರ್ಯದರ್ಶಿ ನೋಡಿ!

ಆಗಿನ ರೇಡಿಯೋ ನಾಟಕ ಈಗಿನಂತೆ ಮುದ್ರಿಸಿಟ್ಟುಕೊಂಡು ಹಾಕುವುದಲ್ಲ. ಇಲ್ಲಿ ಆಡಿದ್ದು ಆ ಕ್ಷಣಕ್ಕೇ ಅಲ್ಲಿ ಕೇಳಬೇಕು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆ, ನಡುವೆ ಒಂದೇ ಮೈಕು, ಬಾಗಿಲ ಮೇಲೆ ಕೆಂಪು ದೀಪ. ದೀಪ ಹತ್ತಿದ ಮೇಲೆ ಕೆಮ್ಮುವಂತಿಲ್ಲ. ಶೇಷಣ್ಣ ಎರಡೂ ಕೈಗೆ ಹಸಿರು ಬಳೆ ತೊಟ್ಟು, ಅಕ್ಕಾವರ ಎಡಕ್ಕೆ ಮೈಕಿಗೆ ಮಣಿಕಟ್ಟು ಹಿಡಿದು ನಿಂತಿದ್ದ. ಅವನ ಪಕ್ಕ ನಾನು.

ಕಾಗದದ ದೃಶ್ಯ ಬಂತು. ಅಕ್ಕಾವರು ಹಾಳೆ ತಿರುವಿದರು. ಮುಂದಿನ ಹಾಳೆ ಇರಲಿಲ್ಲ. ಅದು ಅವರ ಕಾಲ ಬಳಿ ಬಿದ್ದಿತ್ತು. ಕೋಣೆ ಸ್ತಬ್ಧವಾಯಿತು. ಆ ಮಾತು ಶೇಷಣ್ಣನಿಗೆ ಬಾಯಿಪಾಠ. ಅವನು ಎದೆ ತುಂಬ ಉಸಿರು ತೆಗೆದುಕೊಂಡ, ತುಟಿ ತೆರೆದ. ಆ ಎಮ್ಮೆಯ ದನಿ ನನ್ನ ಕಿವಿಗೆ ಮುಂಚೆಯೇ ಕೇಳಿಸಿತು. ನಾನು ಬಲಗೈಯಿಂದ ಅವನ ಬಾಯಿ ಮುಚ್ಚಿದೆ.

ಅವನು ಕೊಸರಲಿಲ್ಲ. ನನ್ನತ್ತ ನೋಡಿದ. ಅಂಗೈಗೆ ಬಿಸಿ ಉಸಿರು ಬಡಿಯುತ್ತಿತ್ತು. ಕೈಯ ಬಳೆಗಳು ಸದ್ದಾಗದಂತೆ ಹಾಗೆಯೇ ಹಿಡಿದಿದ್ದ. ಅಕ್ಕಾವರು ಬಗ್ಗಿ ಹಾಳೆ ಎತ್ತಿಕೊಂಡು, "ಇಲ್ಲ, ನಾನು ಬರುವುದಿಲ್ಲ" ಎಂದರು. ನಾನು ಕೈ ತೆಗೆದೆ. ಅವನು ಬಳೆ ಸಪ್ಪಳ ಮಾಡಿದ, ಎಷ್ಟು ಬೇಕೋ ಅಷ್ಟು.

ಮರಳುವ ಗಾಡಿಯಲ್ಲಿ ಅವನು ಕೇಳಿದ್ದು ಒಂದೇ: "ನಾ ಬಾಯಿ ತೆಗೆದದ್ದು ಮೈಕಿನ್ಯಾಗ ಕೇಳಿಸ್ತೇನು?"

"ಇಲ್ಲ."

"ಛಲೋ ಆತು."

ಧಾರವಾಡದಲ್ಲಿ ಕಂಡವರೆಲ್ಲ ಆ ಮೌನವನ್ನೇ ಹೊಗಳಿದರು. "ಕಾಗದ ಓದಿ ಸುಮ್ಮನಾದ್ಲಲ್ರೀ, ಎದಿ ಝಲ್ ಅಂತು!" ನಾನು, "ಅದಕ್ಕ ಎಂಟ ದಿವಸ ತಾಲೀಮು ಮಾಡೀವ್ರಿ" ಎಂದೆ. ಒಬ್ಬರಿಗಲ್ಲ, ಸಂತೆಯಲ್ಲಿ ಸಿಕ್ಕ ನಾಲ್ಕೈದು ಮಂದಿಗೆ ಹಾಗೆಯೇ ಹೇಳಿದೆ.

ಎರಡು ತಿಂಗಳ ಮೇಲೆ ಅದೇ ನಾಟಕವನ್ನು ರಂಗದ ಮೇಲೆ ಆಡುವುದೆಂದಾಯಿತು. ಅಕ್ಕಾವರು ರಂಗಕ್ಕೆ ಬರುವವರಲ್ಲ, ಶೇಷಣ್ಣನೇ ಬೇಕು. ಕರೆಯಲು ಅವನ ಮನೆಗೆ ಹೋದೆ. ಬಾಗಿಲಿಗೆ ಬಂದವರು ಗೋದಕ್ಕ. ನನ್ನೊಡನೆ ಅವರು ನಿಂತು ಮಾತಾಡಿದ್ದು ಅದೇ ಮೊದಲು.

"ಬರ್ರಿ. ಅವತ್ತ ನಾ ತೋಟಕ್ಕ ಹೋಗಿದ್ದೆ. ಕೇಳಿ ಕೇಳಿ ಅತ್ತುಬಿಟ್ಟೆ ನೋಡ್ರಿ. ಅದೆಂಥಾ ಹೆಣ್ಣದನಿ ತೆಗೀತಾರ್ರಿ ನಮ್ಮವರು! ಹದಿನೆಂಟು ವರ್ಷ ಸುಮ್ಮನ ಹಟಾ ಮಾಡಿದೆ. ಈ ಸರ್ತಿ ನಾನೂ ನೋಡ್ಲಿಕ್ಕೆ ಬರ್ತೀನಿ. ಮುಂದಿನ ಸಾಲಿನ್ಯಾಗ ಜಾಗಾ ಹಿಡೀರಿ."

ಅವರು ಕೇಳಿ ಅತ್ತದ್ದು ಅಕ್ಕಾವರ ದನಿ. ಅದು ತನ್ನದಲ್ಲವೆಂದು ಶೇಷಣ್ಣ ಅವರಿಗೆ ಹೇಳಿರಲಿಲ್ಲ. ಅವರ ಹಿಂದೆ, ನಡುಮನೆಯ ಹೊಸ್ತಿಲಲ್ಲಿ ಅವನು ಬಂದು ನಿಂತ. ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದ:

"ನಾ ನಾಟಕ ಬಿಟ್ಟೇನಿ. ಮಾಸ್ತರಗ ಹೇಳಿಬಿಡು."

"ಅಯ್ಯ, ಈಗ್ಯಾಕ್ರಿ?" ಎಂದರು ಗೋದಕ್ಕ.

ಅವನು ಒಳಗೆ ಹೋದ.

ಗಿರಿಜೆಯ ಪಾತ್ರಕ್ಕೆ ಗದಗಿನಿಂದ ಹೊಸ ನಟನೊಬ್ಬನನ್ನು ಕರೆಸಿದೆವು. ಶೇಷಣ್ಣ ಬರಲಿಲ್ಲ. ಗೋದಕ್ಕ ಮಾತ್ರ ನೆರೆಯವರ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತರು, ಮೊದಲ ಅಂಕ ಮುಗಿಯುತ್ತಲೇ ಎದ್ದರು. ಬಾಗಿಲಲ್ಲಿ ನನ್ನನ್ನು ಕಂಡು ನಿಂತು, "ಇವಂದು ದನಿ ಭಾಳ ಬಿರುಸದರಿ, ನಮ್ಮವರದಿದ್ದಂಗಿಲ್ಲ" ಎಂದರು. ನಾನು ಹೌದು ಎಂದೆ.