ಹೊಳೆಯಾಚೆಯ ಮುತ್ತಜ್ಜ

ನನ್ನ ಸೋದರಮಾವನ ಮಗನನ್ನು ನಾನು ಭಾವ ಎಂದು ಕರೆಯುತ್ತೇನೆ. ಕರೆಯುವಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತೇನೆ. ಮೊದಲು ಹಾಗಿರಲಿಲ್ಲ. ನಾನು ಕುವೈತಿಗೆ ಬಂದ ಹೊಸದರಲ್ಲಿ ಶುಕ್ರವಾರದ ಊಟ ರುಮೈಥಿಯಾದ ಅವನ ಮನೆಯಲ್ಲೇ ಆಗುತ್ತಿತ್ತು. ಎಲ್ಲ ಕೆಟ್ಟದ್ದು ಊರಿನ ತರವಾಡು ಮನೆಯಲ್ಲಿ, ಅಂದರೆ ನಮ್ಮ ಕುಟುಂಬದ ಮೂಲಮನೆಯಲ್ಲಿ, ತಂಬಿಲದ ದಿನ. ತಂಬಿಲ ಎಂದರೆ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ಸೇವೆ. ಮನೆಯ ಹಿರಿಯ ಹೆಂಗಸು ಚಾವಡಿಯ ಒಳಗೆ, ಎಲ್ಲರ ಮುಂದೆ ನಿಲ್ಲಬೇಕು. ಪ್ರಸಾದ ಮೊದಲು ಅವಳ ಕೈಗೆ. ಅಜ್ಜಿ ಹೋದ ಮೇಲೆ ಅಲ್ಲಿ ನಿಲ್ಲುತ್ತಿದ್ದವಳು ಅವಳ ಒಬ್ಬಳೇ ಮಗಳು, ನನ್ನ ಅಮ್ಮ. ಆ ವರ್ಷ ಭಾವ ಅವಳ ಎದುರು ಬಂದು, "ಅತ್ತೆ, ನೀವು ನೆಂಟರ ಒಟ್ಟಿಗೆ ಅಂಗಳದಲ್ಲಿ ನಿಲ್ಲಿ. ಇದು ಮನೆಯವರ ಕೆಲಸ" ಎಂದ. ಅಮ್ಮನ ಜಾಗದಲ್ಲಿ ಅವನ ಹೆಂಡತಿ ನಿಂತಳು.

ಅಮ್ಮ ಅಂಗಳಕ್ಕಿಳಿದಳು. ಈಗ ಕುವೈತಿನ ರಿಗ್ಗೈಯ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದಾಳೆ, ಊರಿನ ಮನೆಯ ಮಾತು ಬಂದರೆ ಎದ್ದು ಹೋಗುತ್ತಾಳೆ. ಅವಳು ನುಂಗಿಕೊಂಡಳು, ನಾನು ನುಂಗಲಿಲ್ಲ. ಅವಳು ಬದುಕಿರುವಾಗಲೇ ಅವನ ಬಾಯಿಂದಲೇ "ಒಳಗೆ ಬನ್ನಿ" ಎನ್ನಿಸಬೇಕು, ಅದೂ ಹತ್ತು ಜನರ ಎದುರು ಅವನ ಮುಖ ಇಳಿದ ಮೇಲೆ. ಹಗಲಿರುಳು ನನಗೆ ಅದೊಂದೇ ಆಸೆ.

ದಾರಿ ತೋರಿಸಿದವನೂ ಅವನೇ. ಅವನಿಗೆ ವೀಸಾ ಕೊಟ್ಟ ಕುವೈತಿ ಕಫೀಲನ ದಿವಾನಿಯಾದಲ್ಲಿ, ಅಂದರೆ ಗಂಡಸರು ಕೂತು ಮಾತಾಡುವ ಕೋಣೆಯಲ್ಲಿ, ಗೋಡೆ ತುಂಬ ವಂಶವೃಕ್ಷ ಇದೆಯಂತೆ: ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ಅದನ್ನು ನೋಡಿ ಭಾವನಿಗೂ ಒಂದು ಬೇಕೆನಿಸಿತು. ದೊಡ್ಡ ಬೋರ್ಡು ಮಾಡಿಸಿ, ಅದರ ಫೋಟೋವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ. ಈದ್ ರಜೆಯಲ್ಲಿ ಅನಾವರಣವಂತೆ, ಎಲ್ಲರೂ ಬರಬೇಕಂತೆ. ಬೋರ್ಡಿನ ನೆತ್ತಿಯಲ್ಲಿ ಅವನ ಅಜ್ಜನ ಅಪ್ಪನ ಪಟ. ಹಳೆಯ ಫೋಟೋ ಯಾವುದೂ ಇಲ್ಲದ್ದರಿಂದ ಯಾರಿಂದಲೋ ಬಿಡಿಸಿದ್ದು, ಮುಂಡಾಸು, ಹುರಿಮೀಸೆ. ಕೆಳಗೆ, "ಕಾಡು ಕಡಿದು ಗದ್ದೆ ಮಾಡಿದ ಮೂಲಪುರುಷ. ಬ್ರಿಟಿಷರ ಜನಗಣತಿಯಲ್ಲಿ ದಾಖಲಾದವರು." ಇಡೀ ಮರದಲ್ಲಿ ಒಬ್ಬಳೂ ಹೆಂಗಸಿರಲಿಲ್ಲ.

ನನಗೆ ನಗು ಬಂತು. ನಮ್ಮಲ್ಲಿ ಮನೆ ಇಳಿದು ಬರುವುದು ಹೆಣ್ಣಿನಿಂದ. ಮಕ್ಕಳು ತಾಯಿಯ ಮನೆಗೆ ಸೇರಿದವರು; ತಾಯಿಯ ಬರಿ, ಅಂದರೆ ಕುಲ, ಮಕ್ಕಳದ್ದು. ಈ ಮನೆಯಲ್ಲಿ ಅಪ್ಪನ ಬೆನ್ನು ಹಿಡಿದು ಮೇಲೆ ಹತ್ತಿದವನು ಎರಡು ಹೆಜ್ಜೆಗೆ ಬೇರೆಯವರ ಅಂಗಳದಲ್ಲಿರುತ್ತಾನೆ.

ನಕ್ಕರೆ ಸಾಲದು, ಕಾಗದ ಬೇಕಿತ್ತು. ಆ ವರ್ಷದ ರಜೆಯನ್ನು ಊರಿನ ತಾಲೂಕು ಕಚೇರಿಯ ದೂಳಿನಲ್ಲಿ ಕಳೆದೆ. ಜನಗಣತಿ ಕೇಳಿದರೆ ಅಲ್ಲಿಯವರು, "ಅದರಲ್ಲಿ ಹೆಸರೆಲ್ಲ ಎಲ್ಲಿ ಸಿಗ್ತದೆ ಅಕ್ಕ? ಊರಿಗೆ ಇಷ್ಟು ತಲೆ ಅಂತ ಮಾತ್ರ ಉಂಟು" ಎಂದರು. ಭಾವನ ಒಂದು ಸುಳ್ಳು ಅಲ್ಲೇ ಬಿತ್ತು. ಮತ್ತೆ ಹಳೆಯ ಅಡಂಗಲ್ ಪುಸ್ತಕಗಳನ್ನು ತೆಗೆಸಿದೆ. ಯಾವ ಜಾಗ ಯಾರ ಕೈಯಲ್ಲಿತ್ತು ಎಂಬುದು ಅದರಲ್ಲಿರುತ್ತದೆ. ಒಂದರಲ್ಲಿ ನಮ್ಮ ಜಾಗ ಬರೀ ಕಾಡು. ಮುಂದಿನದರಲ್ಲಿ ಗದ್ದೆ, ಪಕ್ಕದಲ್ಲಿ ನನ್ನ ಅಜ್ಜಿಯ ಅಜ್ಜಿಯ ಹೆಸರು. ಮೀಸೆಯ ಮುತ್ತಜ್ಜನೂ ಸಿಕ್ಕಿದರು, ಹೊಳೆಯಾಚೆಯ ಗ್ರಾಮದ ಪುಸ್ತಕದಲ್ಲಿ. ಅವರ ಮಗ ನಮ್ಮ ಮನೆಯ ಹೆಣ್ಣನ್ನು, ಅಂದರೆ ನನ್ನ ಅಜ್ಜಿಯನ್ನು, ಮದುವೆಯಾದದ್ದು ಬಿಟ್ಟರೆ ಅವರಿಗೂ ಆ ಜಾಗಕ್ಕೂ ಸಂಬಂಧವೇ ಇಲ್ಲ. ನಕಲು ಪ್ರತಿಗಳಿಗೆ ಮೊಹರು ಬೀಳುವಾಗ ಒಂದೊಂದನ್ನೂ ಖುಷಿಯಿಂದ ಎಣಿಸಿಕೊಂಡೆ.

ಅನಾವರಣದ ದಿನ ರುಮೈಥಿಯಾದ ಅವನ ಹಾಲ್ ತುಂಬ ಜನ, ಒಳಗಿನಿಂದ ಕೋಳಿಸಾರಿನ ಪರಿಮಳ. ಭಾವ ಪರದೆ ಸರಿಸಿ ಭಾಷಣ ಶುರುಮಾಡಿದ. ಮುತ್ತಜ್ಜನ ಕೈಯಲ್ಲಿ ಹುಲಿಯನ್ನೂ ಹೊಡೆಸಿದ. ಚಪ್ಪಾಳೆ ನಿಲ್ಲುವವರೆಗೆ ಕಾದು ಕೂತಲ್ಲಿಂದಲೇ ಕೇಳಿದೆ.

"ಭಾವ, ನಿಮ್ಮ ಬರಿ ಯಾವುದು?"

ಮದುವೆಯ ಮಾತುಕತೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಅವನು ಯೋಚಿಸದೆ ತನ್ನ ತಾಯಿಯ ಬರಿ ಹೇಳಿದ.

"ತರವಾಡು ಮನೆಯದ್ದು?"

ಅವನು ಬೋರ್ಡಿನ ಕಡೆ ತಿರುಗಿದ. ಮೂಲೆಯಲ್ಲಿದ್ದ ಹಿರಿಯರೊಬ್ಬರು, "ಅದು ಬೇರೆ ಅಲ್ವಾ ಮಾರಾಯ" ಎಂದುಬಿಟ್ಟರು.

"ಹಾಗಾದರೆ ಆ ಮನೆಗೆ ನೆಂಟರು ಯಾರು ಭಾವ? ನನ್ನ ಅಮ್ಮನಾ, ನೀವಾ?" ಪ್ರತಿಗಳನ್ನು ಊಟದ ಮೇಜಿನ ಮೇಲೆ ಹರಡಿದೆ. "ಈ ಮೀಸೆಯವರು ಹೊಳೆ ದಾಟಿ ಬಂದದ್ದು ಮಗನ ಮದುವೆಗೆ. ಕಾಡನ್ನು ಗದ್ದೆ ಮಾಡಿದವಳು ಇವಳು, ನೋಡಿ."

"ಅಪ್ಪ ಮನೆ ನನ್ನ ಹೆಸರಿಗೆ ಬರೆದಿದ್ದಾರೆ" ಎಂದ.

"ಇಟ್ಟುಕೊಳ್ಳಿ. ಯಾರು ಕೇಳಿದರು? ದೈವದ ಎದುರು ಆ ರಿಜಿಸ್ಟ್ರಿ ಕಾಗದ ನಿಲ್ಲಿಸ್ತೀರಾ?"

ಯಾರೋ ಕಿಸಕ್ಕೆಂದರು. ಅವನ ಹೆಂಡತಿ ಅಡುಗೆಮನೆ ಸೇರಿದಳು. ನಾನು ಮಾತ್ರ ಎರಡೆರಡು ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ. ಅಷ್ಟು ರುಚಿಯಾದ ಊಟ ಈ ದೇಶದಲ್ಲಿ ಮಾಡಿರಲಿಲ್ಲ.

ಸುದ್ದಿ ಊರಿಗೆ ಮುಟ್ಟಲು ಎಷ್ಟು ಹೊತ್ತು? ಮರುವಾರ ಭಾವ ರಿಗ್ಗೈಗೆ ಬಂದ. ಸೋಫಾದ ತುದಿಯಲ್ಲಿ ಕೂತು, "ಅತ್ತೆ, ಈ ಸಲದ ತಂಬಿಲಕ್ಕೆ ನೀವೇ ಒಳಗೆ ನಿಲ್ಲಬೇಕು. ಟಿಕೆಟ್ ನಾನು ಮಾಡಿಸ್ತೇನೆ" ಎಂದ. ಅಮ್ಮ ಅವನ ಕೈ ಹಿಡಿದು ಅತ್ತಳು. ಅವನ ಕೈ ಹಿಡಿದದ್ದಕ್ಕೆ ನನಗೆ ಉರಿಯಿತು. ಆದರೂ ನಾನು ಗೆದ್ದಿದ್ದೆ.

ಅವನು ಹೊರಡುವಾಗ ನನ್ನ ಮಕ್ಕಳು ಕೋಣೆಯಿಂದ ತಲೆ ಹೊರಹಾಕಿ "ಬೈ ಅಂಕಲ್" ಎಂದರು. ಅವನು ಇಬ್ಬರನ್ನೂ ಒಮ್ಮೆ ನೋಡಿದ. ಲಿಫ್ಟಿನವರೆಗೆ ಬಿಡಲು ಹೋದೆ.

"ನಿನ್ನ ಕಾಗದ ಸರಿ ಉಂಟು, ಒಪ್ಪಿದೆ" ಎಂದ ಮೆಲ್ಲಗೆ. "ಅತ್ತೆಗೆ ನೀನೊಬ್ಬಳೇ ಮಗಳು. ನಿನಗೆ ಇಬ್ಬರೂ ಗಂಡು, ಅಲ್ವಾ? ಇವರ ಮಕ್ಕಳು ಆ ಮನೆಯಲ್ಲಿ ಎಲ್ಲಿ ನಿಲ್ಲಬೇಕು, ಅದನ್ನೂ ಒಮ್ಮೆ ಹುಡುಕು."

ಬಾಗಿಲು ಮುಚ್ಚಿತು. ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಮೊಮ್ಮಕ್ಕಳು ಅವರವರ ತಾಯಿಯ ಬರಿಗೆ ಹೋಗುವವರು. ನನ್ನ ನಂತರ ಆ ಚಾವಡಿಯಲ್ಲಿ ಹಕ್ಕಿನಿಂದ ನಿಲ್ಲುವವಳು ಯಾರೂ ಇಲ್ಲ, ಮತ್ತು ಅದನ್ನು ಹತ್ತು ಜನರ ಎದುರು ಮೊಹರು ಒತ್ತಿಸಿ ಸಾಬೀತು ಮಾಡಿದವಳು ನಾನೇ.

ಒಳಗೆ ಬಂದಾಗ ಅಮ್ಮ ಆಗಲೇ ಕಪಾಟು ತೆರೆದು ಸೀರೆ ತೆಗೆಯುತ್ತಿದ್ದಳು.

"ಲಿಫ್ಟಿನ ಹತ್ರ ಎಂತ ಹೇಳಿದ ಅವನು?"

"ಸೋತೆ ಅಂದ" ಎಂದೆ.