ರೈಲಿಲ್ಲದ ಊರಿನಿಂದ ರೈಲಿಗೊಂದು ಪೆಟ್ಟಿಗೆ

ನಮ್ಮ ಅತ್ತಿಗೆಯ ತುರುಬಿನಲ್ಲಿ ಮಲ್ಲಿಗೆಯ ಜೊತೆಗೆ ಕರೆಂಟು ನೋಡುವ ಟೆಸ್ಟರೊಂದು ಯಾವಾಗಲೂ ಸಿಕ್ಕಿಸಿರುತ್ತಿತ್ತು. ಹಳದಿ ಹಿಡಿಕೆಯದು. ಮದುವೆ ಮನೆಗೆ ಹೋದಾಗಲೂ ತೆಗೆಯಲು ಮರೆಯುತ್ತಿದ್ದರು. ಯಾರಾದರೂ ನಕ್ಕರೆ, "ಮಂಟಪದ ಲೈಟು ಹೋದ್ರ ನನ್ನ ತಲಿನೇ ಹುಡುಕ್ತೀರಿ, ಸುಮ್ಕಿರ್ರಿ" ಎನ್ನುತ್ತಿದ್ದರು.

ಕುರುಗೋಡಿನಲ್ಲಿ ಹುಟ್ಟಿ, ಡಿಪ್ಲೊಮಾ ಓದಿ, ಸಿರುಗುಪ್ಪದ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಅಣ್ಣನ ಜೊತೆ ಸೇರಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣ ವರ್ಕ್‌ಶಾಪು ತೆರೆದರು. ಅಲ್ಲಿ ತಯಾರಾಗುತ್ತಿದ್ದುದು ಒಂದೇ ಮಾಲು. ಹೊಲದ ಪಂಪನ್ನು ಮನೆಯಲ್ಲಿ ಕೂತು ಫೋನಿನಿಂದ ಚಾಲೂ ಮಾಡುವ, ನೀರು ನಿಂತರೆ ತಾನೇ ಬಂದ್ ಮಾಡುವ ಪೆಟ್ಟಿಗೆ. ಸಿರುಗುಪ್ಪದ ಭತ್ತದ ಗದ್ದೆಗಳಿಗೂ ಅಕ್ಕಿ ಗಿರಣಿಗಳಿಗೂ ನಾವೇ ಕೊಡುತ್ತಿದ್ದೆವು. ವೈರಿಂಗ್ ನನ್ನದು. ನನಗೆ ಮಾತು ಕಡಿಮೆ, ಅದೂ ಅತ್ತಿಗೆಯದೇ ಪಾಲು.

ಆಮೇಲೆ ಅಗ್ಗದ ಪೆಟ್ಟಿಗೆಗಳು ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ತುಂಬಿಕೊಂಡವು. ನಮ್ಮಲ್ಲಿ ಕೆಲಸ ನಿಂತಿತು. ಬಾಗಿಲು ಹಾಕುವುದೇ ಸರಿ ಎಂದು ಅಣ್ಣ ಹೇಳಿದ. ಅದೇ ವಾರ ಅತ್ತಿಗೆ ಫೋನಿನಲ್ಲಿ ರೈಲ್ವೆ ಟೆಂಡರೊಂದನ್ನು ಕಂಡರು. ಬೋಗಿಗಳಿಗೆ ನೀರು ತುಂಬಿಸುವ ಪಂಪುಗಳನ್ನು ದೂರದಿಂದಲೇ ನಡೆಸುವ ಉಪಕರಣ ಬೇಕಾಗಿತ್ತು.

"ಅಯ್ಯ, ಇದು ನಮ್ದೇ ಪೆಟ್ಟಿಗಿ!" ಎಂದು ಅತ್ತಿಗೆ ಕೂಗಿದ ಕೂಗಿಗೆ ಪಕ್ಕದ ಆಟೋ ಗ್ಯಾರೇಜಿನ ಸಾಹೇಬರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಓಡಿಬಂದರು.

"ಏನಾತು ಭಾಭಿ, ಶಾರ್ಟ್ ಸರ್ಕ್ಯೂಟಾ?"

ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು. "ನಿಮ್ಮ ಸಿರುಗುಪ್ಪಕ್ಕ ರೈಲೇ ಇಲ್ಲ. ನೀವು ರೈಲಿಗೆ ಮಾಲು ಮಾರ್ತೀರಾ?"

"ರೈಲು ಬರೋತನಕ ಕಾಯಾಕ ಆಗಂಗಿಲ್ಲ ಸಾಹೇಬ್ರ. ಅದಕ್ಕ ನಾವೇ ಹೊಂಟೀವಿ."

ಅಂದಿನಿಂದ ನಮ್ಮ ಶೆಡ್ಡಿನ ಗಾಳಿಯೇ ಬದಲಾಯಿತು. ಅಣ್ಣ ಟೆಂಡರಿನ ಕಾಗದಗಳನ್ನು ಮೊದಲ ಪುಟದಿಂದ ಓದಲು ಕೂತರೆ ಅತ್ತಿಗೆ ಕಿತ್ತುಕೊಂಡು ಕೊನೆಯ ಪುಟದಿಂದ ಶುರುಮಾಡಿದರು. "ಹೆಣ್ಣು ನೋಡಾಕ ಹೋದವರು ಪಡಸಾಲಿ ನೋಡಿ ಬರಬಾರ್ದು, ಹಿತ್ಲ ನೋಡಬೇಕು. ಯಾವುದಕ್ಕ ನಮ್ಮನ್ನ ಹೊರಗ ಹಾಕ್ತಾರ ಅನ್ನೋದೆಲ್ಲ ಹಿಂದ ಇರ್ತೈತಿ." ಮರುದಿನ ನನ್ನನ್ನೂ ಕರೆದುಕೊಂಡು ಬಳ್ಳಾರಿಯ ರೈಲು ಸ್ಟೇಷನ್ನಿಗೆ ಹೋಗಿ ಪಂಪಿನವನ ಪಕ್ಕ ಕೂತರು. ಅವನ ಕಷ್ಟ ಒಂದೇ. ತೊಟ್ಟಿ ಬರಿದಾದರೂ ಮೋಟಾರು ತಿರುಗಿ ಸುಟ್ಟುಹೋಗುತ್ತಿತ್ತು. ನಮ್ಮ ಗದ್ದೆಯ ರೈತರ ಕಷ್ಟವೂ ಅದೇ ಆಗಿತ್ತು. ವಾಪಸು ಬರುವಾಗ ಅತ್ತಿಗೆ ನಡೆಯುತ್ತಿರಲಿಲ್ಲ, ಹಾರುತ್ತಿದ್ದರು.

ಆದರೆ ಹಿಂದೆ ರೈಲ್ವೆಗೆ ಮಾಲು ಕೊಟ್ಟ ಅನುಭವ ಬೇಕು ಎಂಬ ಷರತ್ತೊಂದಿತ್ತು. ದರ ಬರೆಯುವ ಮುಂಚೆ, ಸಂಶಯ ಇದ್ದವರು ಬಂದು ಕೇಳಲಿ ಎಂದು ರೈಲ್ವೆ ಕಚೇರಿಯಲ್ಲಿ ಒಂದು ಸಭೆ ಕರೆದಿದ್ದರು. ದೊಡ್ಡ ಕಂಪನಿಗಳವರು ಟೈ ಕಟ್ಟಿಕೊಂಡು ಬಂದಿದ್ದರು. "ಲೇ ತಮ್ಮಾ, ನೀ ಕೇಳು" ಎಂದು ಅತ್ತಿಗೆ ನನ್ನನ್ನು ತಿವಿದರು. ನಾನು ಕಾಗದ ತಿರುವುತ್ತ ಕೂತೆ. ಕೊನೆಗೆ ಅವರೇ ಎದ್ದರು. "ಸಾರ್, ನೀರೆತ್ತೋ ಪಂಪಿಗೆ ಹೊಲ ಯಾವುದು, ಸ್ಟೇಷನ್ ಯಾವುದು ಗೊತ್ತಾಗತೈತೇನ್ರಿ? ಗಿರಣಿಗೆ ಕೊಟ್ಟ ಅನುಭವ ನಡಿಯಂಗಿಲ್ಲೇನು?" ಕೆಲವರು ನಕ್ಕರು. ಅಧಿಕಾರಿ ನಗಲಿಲ್ಲ, ಪ್ರಶ್ನೆಯನ್ನು ಬರೆದುಕೊಂಡರು. ಕೆಲವು ದಿನಗಳಲ್ಲಿ ತಿದ್ದುಪಡಿ ಬಂತು. ಅಂಥದೇ ಕೆಲಸವನ್ನು ಬೇರೆ ಕಡೆ ಮಾಡಿದ್ದರೂ ಸಾಕು.

ಆ ಸಭೆಯಿಂದ ಬರುವ ದಾರಿಯಲ್ಲಿ ಅತ್ತಿಗೆ ಹೇಳಿದ ಮಾತು ನನಗೇ ಹೇಳಿದ್ದು. "ಕೇಳಿದ್ರ ಒಂದು ಗಳಿಗಿ ಮುಖ ಕೆಂಪಾಗತೈತಿ. ಕೇಳದಿದ್ರ ಜನ್ಮ ಪೂರ್ತಿ ಹೊಟ್ಟಿ ಉರೀತೈತಿ."

ರೈಲ್ವೆ ಕಚೇರಿಯಲ್ಲಿ ಮಾದರಿ ಪೆಟ್ಟಿಗೆಯ ಪರೀಕ್ಷೆಯ ದಿನ ಬಂತು. ಮೇಲಿಂದ ಜೋರಾಗಿ ನೀರು ಬಿಟ್ಟರೂ ಒಳಗೆ ಹನಿ ಹೋಗಬಾರದು. ಗದ್ದೆಯ ಮಳೆಯನ್ನೇ ಕಂಡ ಪೆಟ್ಟಿಗೆ, ನಮಗೆ ಚಿಂತೆ ಇರಲಿಲ್ಲ. ನೀರು ಬಿಟ್ಟು ಮುಚ್ಚಳ ತೆಗೆದರು. ಒಳಗೆ ನೀರು ನಿಂತಿತ್ತು. ಅಣ್ಣ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದ. ವರ್ಕ್‌ಶಾಪಿನ ಬಾಗಿಲು ಮುಚ್ಚಿದ ಸದ್ದು ನನಗೆ ಅಲ್ಲೇ ಕೇಳಿಸಿತು.

ಅತ್ತಿಗೆ ಮುಚ್ಚಳವನ್ನು ಬೆಳಕಿಗೆ ಹಿಡಿದರು. ಒಳಅಂಚಿನ ರಬ್ಬರ್ ಪಟ್ಟಿಯ ಮೇಲೆ ಮೂರು ಬಿಳಿ ಗೆರೆ. ವಿಭೂತಿ! ನಮ್ಮ ಮನೆಯಲ್ಲಿ ವಿಭೂತಿ ಹಚ್ಚದೆ ಯಾವ ಮಾಲೂ ಹೊಸ್ತಿಲು ದಾಟುವುದಿಲ್ಲ. ಯಾವಾಗಲೂ ಹೊರಗೆ ಹಚ್ಚುತ್ತಿದ್ದ ಅತ್ತಿಗೆ, ಸರ್ಕಾರಿ ಕಚೇರಿಯಲ್ಲಿ ಚೆಂದ ಕಾಣಲಿಕ್ಕಿಲ್ಲ ಎಂದು ಅಂದು ಮುಚ್ಚಳದ ಒಳಗೆ ಎಳೆದಿದ್ದರು. ನೆನೆಸಿದ ವಿಭೂತಿ ಒಣಗಿ ಗಟ್ಟಿಯಾಗಿ, ನೀರಿಗೆ ದಾರಿ ಬಿಟ್ಟಿತ್ತು.

ಕಾರಣವನ್ನು ಲಿಖಿತವಾಗಿ ಕೊಟ್ಟರೆ ಮತ್ತೊಂದು ಪರೀಕ್ಷೆ ಉಂಟು ಎಂಬುದು ಟೆಂಡರಿನ ಆ ಕೊನೆಯ ಪುಟದಲ್ಲೇ ಇತ್ತು. ಅತ್ತಿಗೆ ಪೆನ್ನು ಕೇಳಿದರು.

"ದಾರ್ಯಾಗ ಬಸ್ಸು ಕುಲುಕಿ ಮುಚ್ಚಳ ಸಡ್ಲಾತು ಅಂತ ಬರಿ" ಎಂದು ಅಣ್ಣ ಪಿಸುಗುಟ್ಟಿದ.

"ಬಸ್ಸಿಗೇ ಸಡ್ಲಾಗೋ ಪೆಟ್ಟಿಗೀನ ರೈಲಿನವರು ಯಾಕ ತಗೋತಾರ?"

ಇದ್ದದ್ದನ್ನೇ ಬರೆದರು. ಓದಿದ ಅಧಿಕಾರಿಯ ಮೀಸೆ ಅಲುಗಿತು. "ಈ ಸಲ ದೇವರನ್ನು ಹೊರಗಿಡಿ ತಾಯಿ" ಎಂದರು. ಅತ್ತಿಗೆ ಸೆರಗಿನಿಂದ ಪಟ್ಟಿ ಒರೆಸಿ, ಮುಚ್ಚಳ ಬಿಗಿದು, ಅದರ ನೆತ್ತಿಯ ಮೇಲೆ ಎಲ್ಲರೂ ನೋಡುವಂತೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ನೀರು ಬಿಟ್ಟರು. ಹೊರಗಿನ ವಿಭೂತಿ ತೊಳೆದುಹೋಯಿತು. ಒಳಗೆ ಒಂದು ಹನಿಯಿಲ್ಲ, ಬೇಸಿಗೆಯ ಒಣ ಗದ್ದೆ!

ಆರ್ಡರ್ ಬಂದ ದಿನ ಕೌಲ್ ಬಜಾರಿನ ನಮ್ಮ ಓಣಿಗೆಲ್ಲ ಮಿರ್ಚಿ ಬಜಿ. ಸಾಹೇಬರು ಆಟೋದ ಹಾರ್ನು ಬಾರಿಸಿ "ಸಿರುಗುಪ್ಪ ಎಕ್ಸ್‌ಪ್ರೆಸ್ ಹೊಂಟೈತಿ" ಎಂದು ಸಾರಿದರು. ಬಾಗಿಲು ಇಂದಿಗೂ ಮುಚ್ಚಿಲ್ಲ.

ಕಳೆದ ಶ್ರಾವಣದಲ್ಲಿ ಅತ್ತಿಗೆ ಎದೆನೋವೆಂದು ಬೆಂಚಿನ ಮೇಲೆ ಕೂತರು, ಏಳಲಿಲ್ಲ. ಹೆಂಗಸರು ತುರುಬು ಬಿಚ್ಚುವಾಗ ಸಿಕ್ಕ ಟೆಸ್ಟರನ್ನು ನನ್ನ ಕೈಗಿಟ್ಟರು.

ಮೊನ್ನೆ ಹೊಸ ಟೆಂಡರಿನ ಸಭೆಗೆ ಒಬ್ಬನೇ ಹೋದೆ, ಹಳದಿ ಹಿಡಿಕೆ ಜೇಬಿನಲ್ಲಿ. ಒಂದು ಷರತ್ತು ನಮ್ಮನ್ನು ಹೊರಗಿಡುವಂತಿತ್ತು. ಜೇಬಿನ ಟೆಸ್ಟರನ್ನು ಮುಟ್ಟಿಕೊಂಡು ಎದ್ದೆ, ಕೇಳಿದೆ. ಅಧಿಕಾರಿ ನನ್ನತ್ತ ನೋಡಿ, "ಯಾವ ಊರು?" ಎಂದರು.

"ಸಿರುಗುಪ್ಪ, ಸಾರ್."

"ಅಲ್ಲಿಗೆ ರೈಲಿದೆಯೇ?"

"ಇಲ್ರಿ ಸಾರ್. ಅದು ಬರೋತನಕ ಕಾಯಾಕ ಆಗಂಗಿಲ್ಲ ಅಂತ ನಾವೇ ಬಂದೀವಿ."

ಸಭೆ ನಕ್ಕಿತು. ಅಧಿಕಾರಿ ಪೆನ್ನು ತೆಗೆದು ನನ್ನ ಪ್ರಶ್ನೆಯನ್ನು ಬರೆದುಕೊಂಡರು.